ಬಗ್ಗದ ಹುಡುಗಿ

ಎಕ್ಸ್‌ರೇಗೆ ಮುಖ ಉಂಟಾ ಮಾರಾಯ್ರೆ? ಜಾನೆಟ್ ನನ್ನ ಮೊಬೈಲಿಗೆ ಕಳಿಸಿದ ಚಿತ್ರದಲ್ಲಿ ಬೆನ್ನೆಲುಬು ಹಾವಿನಂತೆ ಬಳುಕಿತ್ತು, ನಿಜ. ಆದರೆ ಅದು ಅವಳ ಮಗಳು ಏವ್ರಿಲ್‌ಳದ್ದೇ ಎಂದು ನಂಬುವುದು ಹೇಗೆ? ಬೆಳ್ಳಗಿರುವುದೆಲ್ಲ ಹಾಲಲ್ಲ.

ನಾನು ಆನಿ, ನಿವೃತ್ತ ಟೀಚರ್. ಶಕ್ತಿನಗರದ ನಮ್ಮ ವಾಡೆಗೆ ಗುರ್ಕಾರ್ನ್. ಅಂದರೆ ಇಗರ್ಜಿಯ ಪರವಾಗಿ ಈ ಕೇರಿಯ ಮನೆಮನೆಯ ಕಷ್ಟಸುಖ ವಿಚಾರಿಸುವವಳು. ನಾನು ಹೌದು ಎಂದರೆ ಮಾತ್ರ ಇಗರ್ಜಿಯ ನೆರವು ಸಿಗುತ್ತದೆ. ಆಪರೇಷನ್ ತಡವಾದರೆ ಬೆನ್ನು ಇನ್ನೂ ತಿರುಚಿ ಹುಡುಗಿಯ ಉಸಿರಾಟಕ್ಕೇ ತೊಂದರೆ ಎಂದು ಜಾನೆಟ್ ಅತ್ತಿದ್ದಳು. ಅಳಲಿಕ್ಕೆ ಯಾರಿಗೆ ಬರುವುದಿಲ್ಲ? ಹಿಂದೊಬ್ಬ ಹೀಗೆಯೇ ಕಿಡ್ನಿ ಕೆಟ್ಟಿದೆಯೆಂದು ಅತ್ತು ನೆರವು ಪಡೆದು, ಆಮೇಲೆ ಹೊಸ ಬೈಕಿನಲ್ಲಿ ಪಂಪ್‌ವೆಲ್ ಸರ್ಕಲ್ಲಿನಲ್ಲಿ ನನಗೇ ಕೈಬೀಸಿ ಹೋಗಿದ್ದ.

ಹುಡುಗಿಯನ್ನು ನಾನು ಇಗರ್ಜಿಯಲ್ಲಿ ನೋಡುತ್ತಿದ್ದೆ. ಮೋಂಬತ್ತಿಯ ಹಾಗೆ ನೆಟ್ಟಗೆ! ಎಲ್ಲರೂ ಬಾಗುವಾಗಲೂ ಇವಳು ಮಾತ್ರ ಕಂಬ. ಬೆನ್ನು ಸೊಟ್ಟ ಇರುವವರು ಹಾಗೆ ನಿಲ್ಲುತ್ತಾರಾ?

ಹೇಳದೆ ಕೇಳದೆ ಒಂದು ಸಂಜೆ ಅವರ ಮನೆಗೆ ಹೋದೆ. ತಾಯಿ ಮಗಳು ಜಪಮಾಲೆ ಹಿಡಿದು ತೇರ್ಸ್ ಪ್ರಾರ್ಥನೆಯಲ್ಲಿದ್ದರು. ನಾನೂ ಕುಳಿತೆ. ಪ್ರಾರ್ಥನೆ ಮುಗಿದ ಮೇಲೆ ಕಿರಿಯರು ಹಿರಿಯರ ಮುಂದೆ ಕೈಜೋಡಿಸಿ, ಬಾಗಿ ‘ಬೆಸಾಂವ್’ ಕೇಳುವುದು, ಹಿರಿಯರು ಆಶೀರ್ವದಿಸುವುದು ನಮ್ಮಲ್ಲಿ ತಲೆತಲಾಂತರದ ಪದ್ಧತಿ. ಏವ್ರಿಲ್ ಬಂದು ಕೈಜೋಡಿಸಿದಳು. ಬಾಗಲಿಲ್ಲ. ಕುಳಿತ ನನ್ನ ಕೈಗೆ ಅವಳ ತಲೆ ಎಟುಕಲೇ ಇಲ್ಲ.

ನನಗೆ ಪಿತ್ತ ನೆತ್ತಿಗೇರಿತು.

“ಎಂತ ಬಾಯೆ, ಬಗ್ಗಿದರೆ ಕಿರೀಟ ಬೀಳ್ತದಾ?”

“ಅವಳಿಗೆ ಮೊಣಕಾಲು ನೋವು ಟೀಚರ್,” ಎಂದು ಜಾನೆಟ್ ಅವಸರದಲ್ಲಿ ಮಗಳ ಹೆಗಲ ಮೇಲಿನ ಶಾಲು ಸರಿಮಾಡಿದಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ! ಸಿಕ್ಕಿಬಿದ್ದರು ಎಂದುಕೊಂಡೆ.

“ಬೆನ್ನಿಗೆ ಆಪರೇಷನ್, ನೋವು ಮೊಣಕಾಲಿಗೆ? ಚಂದ ಉಂಟು. ಬಗ್ಗದ ಬೆನ್ನನ್ನು ನೆಟ್ಟಗೆ ಮಾಡ್ಲಿಕ್ಕೆ ಯಾವ ಡಾಕ್ಟರು ಬೇಕು?”

ಏವ್ರಿಲ್ ಒಳಕೋಣೆಗೆ ಹೋದಳು. “ಬೇಡ ಬಾಯೆ,” ಎಂದು ಜಾನೆಟ್ ಕೂಗಿದಳು. ಒಳಗಿನಿಂದ ಪಟ್ಟಿ ಕಿತ್ತ ಚರ್ ಚರ್ ಸದ್ದು ಬಂತು.

ಹೊರಬಂದ ಹುಡುಗಿ ಬೇರೆಯವಳೇ. ಒಂದು ಹೆಗಲು ಕೆಳಗೆ, ಸೊಂಟ ಒಂದು ಕಡೆಗೆ. ಕೈಯಲ್ಲಿದ್ದ ಬಿಳಿ ಪ್ಲಾಸ್ಟಿಕ್ಕಿನ ಗಟ್ಟಿ ಕವಚವನ್ನು ನನ್ನ ಮಡಿಲಲ್ಲಿಟ್ಟಳು. ಅದು ಬೆವರಿನಿಂದ ಒದ್ದೆಯಾಗಿತ್ತು, ಇನ್ನೂ ಬಿಸಿಯಾಗಿತ್ತು.

“ಇದನ್ನು ಹಾಕಿದರೆ ಬಗ್ಗಲಿಕ್ಕೆ ಆಗುವುದಿಲ್ಲ ಟೀಚರ್. ಈಗ ಬೆಸಾಂವ್ ಕೊಡಿ.”

ಬಾಗಿದಳು. ಚೂಡಿದಾರದೊಳಗೆ ತೆಂಗಿನಕಾಯಿಯ ಹೋಳು ಕವುಚಿಟ್ಟಂತೆ ಬೆನ್ನಿನ ಬಲಗಡೆ ಉಬ್ಬಿ ಬಂತು. ಅಯ್ಯೋ ದೇವರೇ! ನನ್ನ ನಾಲಿಗೆಗೆ ಬರೆ ಹಾಕಬೇಕು. ಕೈಯನ್ನು ಅವಳ ತಲೆಯ ಮೇಲಿಟ್ಟೆ. ‘ದೇವ್ ಬರೆಂ ಕರುಂ’, ದೇವರು ಒಳ್ಳೆಯದು ಮಾಡಲಿ ಎಂದೆ.

“ಇದನ್ನು ಯಾರಿಗೂ ಹೇಳ್ಬೇಡಿ,” ಎಂದಳು ಬಾಗಿದಲ್ಲಿಂದಲೇ. “ಹಳೇ ಶಾಲೆಯಲ್ಲಿ ಗೊತ್ತಾದ ಮೇಲೆ ಮಕ್ಕಳು ದಿನಾ ಬಾಗಿಲು ತಟ್ಟಿದ ಹಾಗೆ ಈ ಕವಚದ ಮೇಲೆ ತಟ್ತಿದ್ದರು.”

ಭಾನುವಾರ ಪೂಜೆಯ ನಂತರ ಇಗರ್ಜಿಯ ನೆರವಿನ ಸಮಿತಿ ಕುಳಿತಿತು. ಸಮಿತಿಯ ಸದಸ್ಯ ಬೊನಿಫಾಸ್ ಮೀಸೆಯಡಿ ನಕ್ಕ. “ಆ ಹುಡುಗಿಯಾ? ಸಲಾಕೆಯ ಹಾಗೆ ನೆಟ್ಟಗೆ ಇದ್ದಾಳಲ್ಲ ಟೀಚರ್! ಹೇಗೆ ನಂಬುವುದು?”

“ನಾನು ನೋಡಿದ್ದೇನೆ.”

“ಎಂತ ನೋಡಿದ್ದು?”

“ಬೆಸಾಂವ್ ಕೊಟ್ಟಿದ್ದೇನೆ. ಅಷ್ಟು ಸಾಕು. ನನ್ನದು ಹೌದು.”

ಬೊನಿಫಾಸ್ ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಜಾನೆಟ್ ನಿಮಗೆ ಸಂಬಂಧವಾ ಎಂತ?”

ನಾನು ಜಾನೆಟ್‌ಳನ್ನು ನೋಡಿದ್ದೂ ಹೀಗೆಯೇ. ಬೆನ್ನು ನೆಟ್ಟಗೆ ಮಾಡಿ ಕುಳಿತೆ.