ಎಲ್ಲಾರ ಪುಸ್ತಕ, ಒಬ್ಬನ ಕಾರ್ಡು

ಕೇಳಿದ ಪುಸ್ತಕ ಕೊಡೋದು ಏನ್ ದೊಡ್ಡ ವಿದ್ಯಾ ಅಲ್ರಿ. ನಾನೂ ಅದ ಕೆಲಸ ಮಾಡ್ತೀನಿ. ಹ್ಯೂಸ್ಟನ್ನಿನ ಒಂದು ಕಾಲೇಜಿನ ಲೈಬ್ರರ್ಯಾಗ ಕೌಂಟರ್ ಹಿಂದ ನಿಂತು ಪುಸ್ತಕ ಸ್ಕ್ಯಾನ್ ಮಾಡೋದು, ತಾರೀಖಿನ ಶಿಕ್ಕಾ ಒತ್ತೋದು, ನಕ್ಕು ಕಳಸೋದು. ಆದ್ರ ಯಾವ ಪುಸ್ತಕ ಓದ್ಬೇಕು, ಯಾವ್ದು ಮುಟ್ಟಬಾರ್ದು, ಓದಿದ್ರ ಯಾವ ಪಾಠದಿಂದ ಸುರು ಮಾಡ್ಬೇಕು ಅಂತ ಹೇಳೋದು ವಿದ್ಯಾ. ನಮ್ಮ ಲೈಬ್ರರ್ಯಾಗ ಆ ವಿದ್ಯಾ ಇದ್ದವ ಒಬ್ಬನ ಇದ್ದ, ಅವಂಗ ಪಗಾರಿರ್ಲಿಲ್ಲ. ದಸ್ತಗೀರ ನದಾಫ ಅಂತ, ನವಲಗುಂದದವ. ಸಂಖ್ಯಾಶಾಸ್ತ್ರದಾಗ ಪಿಎಚ್‌ಡಿ ಮಾಡಾಕತ್ತಿದ್ದ.

ನಾ ವಸಂತಾ, ಹುಬ್ಬಳ್ಳ್ಯಾಕಿ. ನನ್ನ ಗಂಡ ಮೋಹನರಾಜ ಎಣ್ಣಿ ಕಂಪನ್ಯಾಗ ಇಂಜಿನಿಯರ್, ಮನಿ ಅಲ್ಲೇ ಬಾಜೂಕ ಶುಗರ್ ಲ್ಯಾಂಡ್‌ನ್ಯಾಗ. ಅಲ್ಲಿ ಮಂದಿ ನನಗ 'ಆಂಟಿ' ಅಂತಾರ. 'ಅಕ್ಕಾರ' ಅಂತ ಕರೀತಿದ್ದವ ಇವ ಒಬ್ಬನ. ಆ ಒಂದು ಶಬ್ದಕ್ಕ ನಾ ಅವನ ಮ್ಯಾಲ ಜೀವಾ ಇಟ್ಟಿದ್ದೆ, ಸುಳ್ಳ ಯಾಕ ಹೇಳ್ಲಿ.

ಪ್ರತಿ ಆಗಸ್ಟಿನ್ಯಾಗ ಕರ್ನಾಟಕದ ಹೊಸಾ ಹುಡುಗೂರು ಬಂದಿಳೀತಿದ್ರು. ದಸ್ತಗೀರ ಅವ್ರನ್ನ ಕುರಿಮಂದಿ ಹೊಡಕೊಂಡು ಬಂದಂಗ ಲೈಬ್ರರಿಗೆ ಹೊಡಕೊಂಡು ಬರ್ತಿದ್ದ. "ಈ ಪುಸ್ತಕ ಎಲ್ಲಾರೂ ಹೇಳ್ತಾರ, ನೀ ಓದಬ್ಯಾಡ, ದಪ್ಪ ಐತಿ ಅಷ್ಟ. ಇದು ಸಣ್ಣದು, ಇದನ್ನ ಹಿಡಿ. ಮುನ್ನುಡಿ ಬಿಡು, ಮೂರನೇ ಪಾಠದಿಂದ ಸುರು ಮಾಡು. ಹಿಂದಿನ ಉತ್ತರದಾಗ ಎರಡು ತಪ್ಪದಾವ, ಅವನ್ನ ನೋಡಿ ತಲಿ ಕೆಡಿಸ್ಕೋಬ್ಯಾಡ." ಹಿಂಗ. ಇವೇನು ಅವನ ವಿಷಯದ ಪುಸ್ತಕ ಅಲ್ಲ ಮತ್ತ! ಯಾರಿಗರೆ ಪುಸ್ತಕ ಹೇಳೂಕಿಂತ ಮೊದ್ಲ ತಾ ಕುಂತು ಅದನ್ನ ಓದ್ತಿದ್ದ. ಓದದ ಹೇಳೋದು ಅಂದ್ರ ರುಚಿ ನೋಡದ ಬಡಿಸಿದಂಗ ಅಂತಿದ್ದ.

ಪಿಎಚ್‌ಡಿಯವ್ರಿಗೆ ನಾವು ಪುಸ್ತಕ ಇಡೀ ಸೆಮಿಸ್ಟರ್ ಕೊಡ್ತಿದ್ದಿವಿ, ಎಂ.ಎಸ್. ಹುಡುಗೂರಿಗೆ ಮೂರ ವಾರ. ಹಿಂಗಾಗಿ ಎಲ್ಲಾರ ಪುಸ್ತಕಾನೂ ದಸ್ತಗೀರನ ಕಾರ್ಡಿನ ಮ್ಯಾಲ ಹೋಗ್ತಿದ್ದುವು. ನಮ್ಮ ಕಡೆ ಹಾಸ್ಟೆಲ್‌ನ್ಯಾಗ ಇದೇನ್ ಹೊಸಾದಲ್ಲ. ಯಾರ ಕಾರ್ಡಿಗೆ ಸಿಗ್ತೈತೋ ಅವನ ಹೆಸರಿಲೆ ತರೋದು, ರೂಮಿನ ಮಂದೆಲ್ಲಾ ಓದೋದು. ನಾನೂ ಹಂಗ ಓದಿ ಬಿ.ಎ. ಮಾಡೀನಿ. ಆದ್ರೂ ಒಮ್ಮೊಮ್ಮೆ ಗದರಿಸ್ತಿದ್ದೆ, "ಏ ದಸ್ತಗೀರ, ಇದು ಅಮೇರಿಕಾಪಾ, ಕಾರ್ಡು ಯಾರ್ದೋ ಹೊಣೀನೂ ಅವಂದ." ಅವ ನಗ್ತಿದ್ದ. "ಯಾರ ಹೆಸರಿದ್ರೇನ್ರಿ ಅಕ್ಕಾರ, ಓದಿದ್ರಾತು."

ಅವನ ಜೋಡಿ ಅಪಾರ್ಟ್‌ಮೆಂಟಿನ್ಯಾಗ ಮೂರು ಹುಡುಗೂರು ಇದ್ರು. ಬೆಂಗಳೂರಿನ ತರುಣ್, ವಿಮಾನದ ರೆಕ್ಕಿ ಯಾವ ಭಾರಕ್ಕ ಮುರೀತೈತಿ ಅಂತ ಓದಾವ. ಮೈಸೂರಿನ ಸುಹಾಸ್, ದೊಡ್ಡ ಊರಿಗೆ ಕುಡಿಯೂ ನೀರು ಹೆಂಗ ಹೋಗ್ತೈತಿ ಅಂತ ಓದಾವ. ಬೈಲಹೊಂಗಲದ ಚನ್ನಬಸಪ್ಪ, ಸುರಂಗ ತೋಡಾಕ ಬಂಡಿಗಲ್ಲು ಹೆಂಗ ಸಿಡಸ್ಬೇಕು ಅಂತ ಓದಾವ. ಮೂರೂ ಮಂದಿ ಬುದ್ಧಿವಂತರು, ಮೂರೂ ಮಂದಿ ನನ್ನ ಮನ್ಯಾಗ ರೊಟ್ಟಿ ತಿಂದವ್ರು.

ಎರಡ ಸಾವಿರದ ಒಂದನೇ ಇಸವಿ, ಸೆಪ್ಟೆಂಬರ್‌ನ್ಯಾಗ ನ್ಯೂಯಾರ್ಕಿನ ಗೋಪುರ ಬಿದ್ದುವು. ಬಾಜೂ ಊರು ಮಿಸೌರಿ ಸಿಟಿಯ ನಮ್ಮ ಇಂಡಿಯಾ ಕಿರಾಣಿ ಅಂಗಡಿಯವ ಬಾಗಿಲಿಗೆ ಅಮೇರಿಕಾದ ಎರಡು ಝೇಂಡಾ ಹಚ್ಚಿದ. ನನ್ನ ಗಂಡ ಕಾರಿಗೆ ಒಂದು ಹಚ್ಚಿದ. ದಸ್ತಗೀರ ಗಡ್ಡಾ ಬಿಟ್ಟಾವಲ್ಲ, ಆದ್ರ ಹೆಸರು ಬೋಳ್ಸಾಕ ಬರೂದಿಲ್ಲಲ್ರಿ.

ಅಕ್ಟೋಬರಿನ್ಯಾಗ ಅವ್ರ ಮನಿ ಎ.ಸಿ. ಕೆಡ್ತು. ರಿಪೇರಿಗೆ ಬಂದವ ದಸ್ತಗೀರನ ಮಂಚದ ಬಾಜೂಕ ಪುಸ್ತಕದ ಗುಡ್ಡಿ ನೋಡ್ದ. ಮ್ಯಾಲ ವಿಮಾನದ ಚಿತ್ರ, ಅದರ ಕೆಳಗ ಸಿಡಿಯೂ ಬಂಡಿ, ಅದರ ಕೆಳಗ ಊರಿನ ನೀರಿನ ಟಾಕಿ. ಟೇಬಲ್ ಮ್ಯಾಲ ದಸ್ತಗೀರ ನದಾಫ ಅಂತ ಹೆಸರು ಬರದಿದ್ದ ಲಕೋಟಿ. ಎತ್ತು ಈದೈತಿ ಅಂದ್ರ ಕೊಟ್ಟಿಗ್ಯಾಗ ಕಟ್ರಿ ಅನ್ನೋ ಕಾಲ ಅದು. ಆ ಪುಣ್ಯಾತ್ಮ ಎ.ಸಿ. ನೆಟ್ಟಗ ಮಾಡಿ, ಕೈ ತೊಳಕೊಂಡು, ಪೊಲೀಸರಿಗೆ ಫೋನ್ ಮಾಡ್ದ. ಇಬ್ರು ಆಫೀಸರ್ ಬಂದು ಪುಸ್ತಕ ಎಲ್ಲಾ ಪೆಟ್ಟಿಗ್ಯಾಗ ತುಂಬ್ಕೊಂಡು ಹೋದ್ರು. ಗುರುವಾರ ಲೈಬ್ರರಿಯ ಮ್ಯಾಲಿನ ರೂಮಿನ್ಯಾಗ ವಿಚಾರಣಿ, ಬಾ ಅಂತ ದಸ್ತಗೀರಂಗ ಹೇಳಿ ಹೋದ್ರು.

ಕಾಲೇಜಿನ ಫಾರಿನ್ ಸ್ಟೂಡೆಂಟ್ ಆಫೀಸಿನಾಕಿ ಒಳ್ಳೆ ಹೆಂಗಸು. ನನ್ನ ಬಾಜೂಕ ಕರದು ಖರೇ ಸಂಗ್ತಿ ಹೇಳಿದ್ಲು. ದಸ್ತಗೀರ ಆ ಸೆಮಿಸ್ಟರ್ ಜ್ವರಾ ಬಂದು ಒಂದು ಕೋರ್ಸು ಬಿಟ್ಟಿದ್ದ. ಕೋರ್ಸು ಕಡಿಮಿ ಆದ್ರ ವೀಸಾದ ನಿಯಮ ಮುರದಂಗ. ಬ್ಯಾರೆ ವರ್ಷಾದ್ರ ಆಕೀನ ಒಂದು ಪತ್ರ ಬರದು ಸರಿಮಾಡ್ತಿದ್ಲಂತ, ಈಗ ಈ ಪುಸ್ತಕದ ಗುಮಾನಿ ತಲಿ ಮ್ಯಾಲ ಇರೂಮಟ ಆ ಪತ್ರಕ್ಕ ಯಾರೂ ಸಹಿ ಹಾಕೂದಿಲ್ಲ. ಪುಸ್ತಕ ಯಾರ್ವೋ ಅವ್ರು ಬಂದು ನಮ್ವು ಅಂದ್ರ ಅವತ್ತ ಇದು ಮುಗೀತೈತಿ. ಇಲ್ಲಾಂದ್ರ ಆ ಒಂದು ಕೋರ್ಸಿನ ನೆವಾ ಸಾಕು, ಅವನ್ನ ಹಿಡದು ಊರಿಗೆ ಕಳಸ್ತಾರ. ಥೀಸಿಸ್ ಮುಗಿಯಾಕ ಬಂದಿತ್ರಿ ಅವಂದು.

ಇಷ್ಟ ತಾನ ಅಂದೆ ನಾ. ರವಿವಾರ ಮೂರೂ ಹುಡುಗೂರನ್ನ ಮನಿಗೆ ಕರದೆ. ಬದನಿಕಾಯಿ ಎಣಗಾಯಿ, ಜ್ವಾಳದ ರೊಟ್ಟಿ, ಶೇಂಗಾ ಹಿಂಡಿ. ಉಣ್ಣೂಮಟ ಸುಮ್ನಿದ್ದೆ. ಆಮ್ಯಾಲ ಹೇಳಿದೆ, "ನೋಡ್ರಪಾ, ಬರೋದು, ನಿಮ್ಮ ನಿಮ್ಮ ಪುಸ್ತಕ ತೋರ್ಸೋದು, ಇದು ನಂದು ಅನ್ನೋದು. ಮುಗೀತು."

ಸುಹಾಸ್ ಕೈ ಒರಸ್ಕೊಂಡ. "ಆಂಟಿ, ನಂಗೆ ಡಲ್ಲಾಸಲ್ಲಿ ಇಂಟರ್‌ವ್ಯೂ ಇದೆ. ಈ ಟೈಮಲ್ಲಿ ಯಾವ್ದೋ ಆಫೀಸರ್ ಹತ್ರ ನನ್ನ ಹೆಸರು ಹೋದ್ರೆ..."

"ನಿನ್ನ ಹೆಸರು ಸುಹಾಸ್ ಐತಿ. ಯಾರೂ ಏನೂ ಮಾಡೂದಿಲ್ಲ ನಿನಗ," ಅಂದೆ. ಅಂದ ಮ್ಯಾಲ ನನಗ ನಾಚಿಕಿ ಬಂತು, ಇಂಥಾ ಮಾತು ನನ್ನ ಬಾಯಾಗ ಬಂತಲ್ಲ ಅಂತ. ಆದ್ರ ಅದು ಖರೇ ಇತ್ತು, ಆ ಹುಡುಗೂರಿಗೂ ಗೊತ್ತಿತ್ತು.

ನನ್ನ ಗಂಡ ಟಿವಿ ಮುಂದಿಂದ ಕೂಗ್ದ, "ವಸಂತಾ, ನಮ್ಮ ಗ್ರೀನ್ ಕಾರ್ಡು ಇನ್ನೂ ಬಂದಿಲ್ಲ. ನಿನಗ್ಯಾಕ ಊರ ಉಸಾಬರಿ?" ನೀವು ಸುಮ್ಕುಂದ್ರಿ ಅಂದೆ. ಸುಮ್ನ ಕುಂತ.

ಚನ್ನಬಸಪ್ಪ ತಾಟಿನ್ಯಾಗ ಕೈ ತೊಳ್ಯಾಕತ್ತಿದ್ದ. ಅವನ ಮೊದ್ಲ ತಲಿ ಎತ್ತಿದ. "ದಸ್ತಗೀರ ಇಲ್ದಿದ್ರ ನಾ ಮೊದ್ಲನೇ ಸೆಮಿಸ್ಟರ್‌ನ್ಯಾಗ ನಪಾಸ ಆಗಿ ಬೈಲಹೊಂಗಲದಾಗ ಇರ್ತಿದ್ನಿರಿ. ಬರ್ತೀನ್ರಿ." ತರುಣ್ "ಶ್ಯೂರ್ ಆಂಟಿ, ಬರೋಣ," ಅಂದ. ಸುಹಾಸ್ ಕೂಡ ಹೂಂ ಅಂದ. ಉಳದ ರೊಟ್ಟಿ ಕಟ್ಟಿ ಕೊಟ್ಟು ಕಳಿಸಿದೆ. ಆ ದಿವಸ ನನಗ ನಿದ್ದಿ ಛಲೋ ಬಂತು.

ಗುರುವಾರ ಮ್ಯಾಲಿನ ರೂಮಿನ್ಯಾಗ ಉದ್ದ ಟೇಬಲ್, ಅದರ ಮ್ಯಾಲ ಪುಸ್ತಕದ ಗುಡ್ಡಿ. ಕಾರ್ಡಿನ ಬಗ್ಗೆ ಕೇಳಾಕ ನನ್ನೂ ಕರಸಿದ್ರು. ಅದು ಯಾವ ಮನ್ಯಾಗೂ ಇರೋ ಅಂಥಾ ಗುಡ್ಡಿ. ವಿಮಾನದ್ದು, ಬಂಡೀದು, ನೀರಿಂದು ಇದ್ದುವು ಖರೇ. ಅವುಗಳ ಜೋಡಿ ಸಂಖ್ಯಾಶಾಸ್ತ್ರದ್ದೊಂದು, ಕ್ಯಾಲ್ಕುಲಸ್, ಇಂಗ್ಲಿಷ್ ಬರವಣಿಗೀದೊಂದು, ಭಾಷಣ ಮಾಡೋದು ಹೆಂಗ ಅನ್ನೋದೊಂದು, ತತ್ತಿ ಹಾಕದ ಕೇಕ್ ಮಾಡೋದು ಹೆಂಗ ಅನ್ನೋದೊಂದು. ಆ ಕೇಕಿನ ಪುಸ್ತಕ ನೋಡಿ ಹಿರೇ ಆಫೀಸರನ ಮೀಸ್ಯಾಗ ನಗಿ ಬಂದಿತ್ತು. ನಾ ನನ್ನ ಕಣ್ಣಿಲೆ ನೋಡೀನಿ.

ಆಫೀಸರ್ ಭಾಳ ನಯಾ ಮಾತಿನವ. ಬಂಡಿ ಪುಸ್ತಕ ಎತ್ತಿ ದಸ್ತಗೀರಂಗ ಕೇಳ್ದ, "ಇದನ್ನ ಓದಿಯೇನು?"

ಓದಿಲ್ಲ ಅನ್ನೋ, ಖೋಡಿ, ಓದಿಲ್ಲ ಅನ್ನು! ಅಂತ ಒಳಗೊಳಗ ಬೇಡ್ಕೊಂಡೆ.

"ಹೌದು," ಅಂದ ದಸ್ತಗೀರ. "ಓದದ ನಾ ಯಾರಿಗೂ ಪುಸ್ತಕ ಹೇಳೂದಿಲ್ಲ. ಇದರಾಗ ನಾಕನೇ ಪಾಠ ಛಲೋ ಐತಿ, ಏಳನೇದು ಹಳೇದಾಗೈತಿ." ಪುಸ್ತಕ ಕೇಳಿದ ಹೊಸಾ ಹುಡುಗಂಗ ಹೇಳಿದಂಗ ಹೇಳ್ದ, ಇಂಗ್ಲಿಷಿನ್ಯಾಗ, ಸಾವಕಾಶಾಗಿ. ಸಣ್ಣ ಆಫೀಸರ್ ಬರಕೊಂಡ. ಯಾವ ವಿಷಯದವ ನೀನು ಅಂತ ಕೇಳಿದ್ರು. ಸಂಖ್ಯಾಶಾಸ್ತ್ರ ಅಂದ. ಮತ್ತ ಇದನ್ಯಾಕ ಓದಿದಿ ಅಂದ್ರು. ನನ್ನ ಗೆಳೆಯಾರ ಸಲುವಾಗಿ ಅಂದ.

ಮೂರೂ ಹುಡುಗೂರನ್ನ ಒಳಗ ಕರದ್ರು. ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು ಬಂದಿದ್ರು ಮೂರೂ ಮಂದಿ. ನನಗ ಧೈರ್ಯ ಬಂತು. ಆಫೀಸರ್ ಅಂದ, "ನಿಮಗೋಸ್ಕರ ತಂದ ಪುಸ್ತಕ ಇದರಾಗಿದ್ರ ಎತ್ಕೊಳ್ರಿ."

ಸುಹಾಸ್ ಮೊದ್ಲ ಬಂದ. ನೀರಿನ ಪುಸ್ತಕದ ಮ್ಯಾಲಿಂದ ಕೈ ದಾಟಿಸಿ ಇಂಗ್ಲಿಷ್ ಬರವಣಿಗೀದು ಎತ್ತಿಕೊಂಡ. ಭಾಷಣದ್ದೂ ಎತ್ತಿಕೊಂಡ. "ದೀಸ್ ಆರ್ ಮೈನ್, ಸರ್."

ನಾ ತಿಳ್ಕೊಂಡೆ, ಇನ್ನೂ ಎತ್ತಾವ ಅದಾನ, ಒಂದೊಂದ ಎತ್ತಾಕತ್ಯಾನ ಅಂತ. ಎತ್ತಲಿಲ್ಲ. ಹಿಂದ ಸರದು ನಿಂತ.

ತರುಣ್ ಕ್ಯಾಲ್ಕುಲಸ್ ಎತ್ತಿಕೊಂಡ.

ಚನ್ನಬಸಪ್ಪ ಬಂದ. ಅವನ ಕೈ ಬಂಡಿ ಪುಸ್ತಕದ ಮ್ಯಾಲ ಬಂದು ನಿಂತಿತು. ಲೇ, ನಿಮ್ಮವ್ವ ನಿನಗ ಹಾಲು ಕುಡಿಸ್ಯಾಳೋ ನೀರು ಕುಡಿಸ್ಯಾಳೋ, ಎತ್ತು ಅದನ್ನ ಅಂತ ಒದರಬೇಕು ಅನಿಸ್ತು ನನಗ. ಅವ ನನ್ನ ಕಡೆ ನೋಡಲಿಲ್ಲ. ಕೈ ಬಾಜೂಕ ಸರಸಿ, ಕೇಕಿನ ಪುಸ್ತಕ ಎತ್ತಿಕೊಂಡ.

ಟೇಬಲ್ ಮ್ಯಾಲ ಏನುಳೀತು ನೋಡ್ರಿ. ದಸ್ತಗೀರನ ಸ್ವಂತದ್ದೊಂದು ಸಂಖ್ಯಾಶಾಸ್ತ್ರದ ಪುಸ್ತಕ, ಅದರ ಜೋಡಿ ವಿಮಾನ, ಸ್ಫೋಟ, ಊರಿನ ನೀರು. ಇಷ್ಟೊತ್ತು ಬ್ಯಾರೆ ಪುಸ್ತಕದಾಗ ಮುಚ್ಚಿಕೊಂಡಿದ್ದುವು, ಈಗ ಅವಷ್ಟ ಉಳದಿದ್ದುವು. ಆ ಹುಡುಗೂರು ಬರದ ಇದ್ದಿದ್ರ ಛಲೋ ಇತ್ತು. ಆಫೀಸರನ ಮಾರಿ ಬಿಗೀತು. ಮೀಸ್ಯಾನ ನಗಿ ಎಲ್ಲಿತ್ತೋ ಎಲ್ಲಿ ಹೋತೋ.

ನನಗ ತಡೀಲಿಲ್ಲ. "ಆ ವಿಮಾನದ್ದು ತರುಣಂದು, ಸಾಹೇಬ್ರ. ನೀರಿಂದು ಸುಹಾಸಂದು, ಬಂಡೀದು ಇವಂದು. ನಮ್ಮನ್ಯಾಗ ಕುಂತು ಹೂಂ ಅಂದಾರ!" ಸಿಟ್ಟಿನ್ಯಾಗ ಅರ್ಧ ಇಂಗ್ಲಿಷ್, ಅರ್ಧ ಕನ್ನಡ ಬಂತು, ಆದ್ರ ಎಲ್ಲಾರಿಗೂ ತಿಳೀತು.

ಆಫೀಸರ್ ತರುಣನ್ನ ಕೇಳ್ದ, "ಖರೇ ಏನು?"

ತರುಣ್ ನನ್ನ ಕಡೆ ತಿರುಗಿ ಪ್ರೀತಿಯಿಂದ ನಕ್ಕ. ದೇವರಾಣಿ ನಕ್ಕ. "ನೋ ಸರ್. ಐ ಥಿಂಕ್ ಆಂಟಿ ಈಸ್ ಕನ್‌ಫ್ಯೂಸ್ಡ್. ದಸ್ತಗೀರ್ ರೀಡ್ಸ್ ಎವ್ರಿಥಿಂಗ್. ಹೀ ಈಸ್ ಲೈಕ್ ದಟ್."

"ಇವ್ರ ವಿಷಯ ಅದ ಇರಬಹುದು, ಆದ್ರ ಇವ್ರು ಆ ಪುಸ್ತಕ ಓದೋದು ನೀವು ನೋಡೀರೇನು, ಮ್ಯಾಡಮ್?" ಅಂತ ಆಫೀಸರ್ ನನ್ನ ಕೇಳ್ದ. ನಾ ಏನ್ ನೋಡ್ಲಿ? ಕೌಂಟರಿನ್ಯಾಗ ಕೈ ಮುಂದ ಚಾಚಿ ತಗೊಂಡವ ಯಾವತ್ತಿದ್ರೂ ದಸ್ತಗೀರನ.

ದಸ್ತಗೀರ ಆ ಮೂರೂ ಮಂದೀನ್ನ ನೋಡ್ದ. ಸಿಟ್ಟಿಲ್ಲ, ಏನೂ ಇಲ್ಲ. ಸುಹಾಸ್ ನೆಲ ನೋಡಾಕತ್ತಿದ್ದ. ಚನ್ನಬಸಪ್ಪನ ಕಣ್ಣಾಗ ನೀರು ಬಂದಿತ್ತು, ಕೇಕಿನ ಪುಸ್ತಕ ಎದಿಗೆ ಅವಚಿಕೊಂಡಿದ್ದ. ಆಫೀಸರನ ಮುಂದ ಸುಳ್ಳು ಹೇಳಿದ್ದು ಬೈಲಾದ್ರ ಅವ್ರ ಗತಿ ಏನು ಅಂತ ದಸ್ತಗೀರಂಗ ನನಗಿಂತ ಛಲೋ ಗೊತ್ತಿತ್ತು.

"ಬಿಡ್ರಿ ಅಕ್ಕಾರ," ಅಂದ. ಆಮ್ಯಾಲ ಇಂಗ್ಲಿಷಿನ್ಯಾಗ ಆಫೀಸರಗ ಹೇಳ್ದ, "ಕಾರ್ಡು ನಂದು. ಪುಸ್ತಕಾನೂ ನನ್ನವ."

ಅಲ್ಲಿಂದ ಹಂಗ ಕರಕೊಂಡು ಹೋದ್ರು. ಬಿಟ್ಟ ಕೋರ್ಸಿನ ನೆವಾ ತಗದ್ರು. ಫಾರಿನ್ ಆಫೀಸಿನಾಕಿ ಆಸ್ಟಿನ್‌ದಿಂದ ಒಬ್ಬ ವಕೀಲನ್ನ ಹಿಡದು ತಂದ್ಲು, ಅವನೂ ಕೈ ಚೆಲ್ಲಿದ. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗದ ವಾರ ದಸ್ತಗೀರನ್ನ ವಿಮಾನ ಹತ್ತಿಸಿ ಕಳಿಸಿದ್ರು. ನೋಡಾಕ ನನ್ನ ಬಿಡ್ಲಿಲ್ಲ. ಅವರವ್ವಗ ಫೋನ್ ಮಾಡಿದೆ. "ನನ್ನ ಮಗ ಅಲ್ಲೇನರೆ ಕಳವು ಮಾಡಿದ್ನೇನ್ರಿ ಬಾಯಾರ?" ಅಂತ ಕೇಳಿದ್ಲು ಆಕಿ. ಇಲ್ಲವ್ವ, ಇಲ್ಲ ಅಂದು ಫೋನ್ ಇಟ್ಟು ಅಡಗಿಮನ್ಯಾಗ ಕುಂತು ಅತ್ತೆ. ಹೊಳಿ ದಾಟಿದ ಮ್ಯಾಲ ಅಂಬಿಗನ ಹಂಗ್ಯಾಕ ಅಂತಾರ. ಇವ್ರು ನಡು ಹೊಳ್ಯಾಗ ಅಂಬಿಗನ್ನ ನೂಕಿದ್ರಲ್ರಿ.

ಸೆಮಿಸ್ಟರ್ ಪರೀಕ್ಷಾ ಬಂದುವು. ಲೈಬ್ರರಿ ತುಂಬಿ ತುಳುಕಾಕತ್ತಿತ್ತು. ಸಾಲಿನ್ಯಾಗ ತರುಣ್ ಬಂದು ನನ್ನ ಮುಂದ ನಿಂತ. ತೆಳ್ಳಗಾಗಿದ್ದ.

"ಆಂಟಿ, ಆ ಏರ್‌ಕ್ರಾಫ್ಟ್ ಬುಕ್ ವಾಪಸ್ ಬಂತಾ? ಕಂಪ್ಯೂಟರಲ್ಲಿ ಇನ್ನೂ ಹೊರಗಡೆ ಇದೆ ಅಂತಾನೇ ತೋರಿಸ್ತಿದೆ. ಸೋಮವಾರ ಎಕ್ಸಾಮ್ ಇದೆ. ಆರನೇ ಚಾಪ್ಟರ್ ಒಂದು ಸಾಕು."

"ಆರನೇದ ಯಾಕ?" ಅಂದೆ.

ದನಿ ಸಣ್ಣ ಮಾಡಿ ಅಂದ, "ದಸ್ತಗೀರ್ ಹೇಳಿದ್ದ. ಅದೊಂದು ಓದಿದ್ರೆ ಪಾಸ್ ಆಗ್ತೀಯ ಅಂತ."

ಹಿಂದ ಸಾಲು ಬೆಳದಿತ್ತು. ನಾ ಸಿಟ್ಟಿಗೇಳ್ಲಿಲ್ಲ, ಒದರ್ಲಿಲ್ಲ. ನನಗ ಆಗಿದ್ದು ಬರೇ ಹೇಸಿಗಿ. ಕಂಪ್ಯೂಟರ್ ನನ್ನ ಕಡೆ ತಿರುಗಿಸ್ಕೊಂಡೆ.

"ಪುಸ್ತಕ ಇನ್ನೂ ಆಫೀಸರ್ ಕಡೆ ಐತಿ," ಅಂದೆ. "ಬಂದ ಕೂಡ್ಲೆ ನಿನಗ ಸಿಗೂಹಂಗ ಹೆಸರು ಹಚ್ಚಿ ಇಡ್ತೀನಿ. ಹೇಳು, ಆ ಪುಸ್ತಕಕ್ಕ ಯಾರ ಹೆಸರು ಹಚ್ಲಿ?"

ತರುಣ್ ಕಿಸ್ಯಾಗಿಂದ ತನ್ನ ಕಾರ್ಡು ತಗದ. ಕೌಂಟರ್ ಮ್ಯಾಲ ಇಡಾಕ ಬಂದಾವ, ಇಡ್ಲಿಲ್ಲ. ಹಿಂದ ಯಾರದಾರ ಅಂತ ಒಮ್ಮೆ ತಿರುಗಿ ನೋಡ್ದ. ಕಾರ್ಡು ವಾಪಸ್ ಕಿಸ್ಯಾಗ ಹಾಕ್ಕೊಂಡ.

"ಬೇಡ ಬಿಡಿ ಆಂಟಿ," ಅಂದು ಹೋದ.