ವೀರೇಂದ್ರ ಸರ್ ಅರ್ಧಕ್ಕೆ ನಿಲ್ಲಿಸಿದ ಕಾದಂಬರಿ

ವೀರೇಂದ್ರ ಸರ್ ನಗುವ ಮೊದಲು ಕನ್ನಡಕ ತೆಗೆದು ಜೇಬಿಗಿಡುತ್ತಿದ್ದರು, ನಗು ತಗುಲಿ ಗಾಜು ಒಡೆದೀತೆಂಬ ಅಂಜಿಕೆಯಿದ್ದವರಂತೆ. ಕನಕಪುರದ ನಮ್ಮ ಕಾಲೇಜಿನಲ್ಲಿ ಅವರು ಕನ್ನಡದ ಅತಿಥಿ ಉಪನ್ಯಾಸಕರು. ಬೇಸಿಗೆಯಲ್ಲೂ ಬಿಡದ ಬೂದು ಸ್ವೆಟರು, ಒಂದು ಭುಜ ಮುಂದೆ ಮಾಡಿ ಗಾಳಿಗೆದುರು ಹೋಗುವಂಥ ನಡಿಗೆ, ಮಾತಿಗೊಮ್ಮೆ "ಅಲ್ವೇನ್ರೋ?"

ಹತ್ತಿರದ ಹಾರೋಹಳ್ಳಿಯಲ್ಲಿ ಕಾರ್ಖಾನೆಗಳು ಒಂದೊಂದಾಗಿ ಏಳುತ್ತಿದ್ದ ವರ್ಷಗಳವು. ನಮಗೆ ಪಠ್ಯವಾಗಿದ್ದದ್ದು ಮುಂದಿನ ಕಾಲವನ್ನು ಕಲ್ಪಿಸಿದ ಕಾದಂಬರಿ: ಬೆಟ್ಟಗಳೆಲ್ಲ ಜಲ್ಲಿಯಾಗಿ, ಊರುಗಳ ಹೆಸರೂ ಅಳಿದ ನೆಲದಲ್ಲಿ ಹುಡುಗಿಯೊಬ್ಬಳು ತನ್ನ ಮನೆ ಹುಡುಕುತ್ತಾಳೆ. ಓದುತ್ತ ಓದುತ್ತ ತರಗತಿ ಮಂಕಾದರೆ ಸರ್ ಪುಸ್ತಕ ಮಡಚಿ, ಎಂದೋ ನೋಡಿದ ಸಿನಿಮಾದ ಕತೆ ತೆಗೆಯುತ್ತಿದ್ದರು. ಗಾಂಜಾ ಸೇದಿದ ಇಬ್ಬರು ಗೆಳೆಯರು ಕಳೆದುಹೋದ ಸ್ಕೂಟರನ್ನು ಅದೇ ಸ್ಕೂಟರಿನ ಮೇಲೆ ಕೂತು ಊರೆಲ್ಲ ಹುಡುಕುವ ಕತೆ.

"ಆ ಹುಡುಗಿ ಹತ್ರ ಇದ್ದದ್ದನ್ನ ಕಿತ್ಕೊಂಡಿದಾರೆ, ಇವರಿಗೆ ಹತ್ರ ಇರೋದೇ ಕಾಣ್ತಿಲ್ಲ. ಅಲ್ವೇನ್ರೋ?"

ಒಂದು ದಿನ ಗೆಳತಿ ಪ್ರತಿಮಾ ಕಾಲೇಜಿಗೆ ಬರುವುದು ನಿಂತಿತು. ಅವಳಪ್ಪ ಚೆಲುವಯ್ಯ ಅವಳನ್ನು ಕಾರ್ಖಾನೆಗೆ ಸೇರಿಸುತ್ತಾರೆಂದು ತಿಳಿದಾಗ, ಗಾಂಜಾ ಕತೆ ಅವಳ ಮನೆಯವರ ಕಿವಿಗೆ ಬಿದ್ದದ್ದೇ ಕಾರಣವೆಂದು ನೊಂದ ಸರ್ ನನ್ನನ್ನೂ ಕರೆದುಕೊಂಡು ಅವಳ ಊರಿನ ಬಸ್ಸು ಹತ್ತಿದರು. ಜಗಲಿಯಲ್ಲಿ ಕೂತವರೇ ಆ ಕತೆ ಹೇಳಿದ್ದಕ್ಕೆ ಕ್ಷಮೆ ಕೇಳಿದರು.

"ಅಯ್, ಬುಡಿ ಸಾ! ಅದನ್ನ ಕೇಳಿ ನಾನೇ ಬಿದ್ದೂ ಬಿದ್ದೂ ನಕ್ಕಿವ್ನಿ," ಎಂದರು ಚೆಲುವಯ್ಯ. "ಆ ಇನ್ನೊಂದು ಕತೆ ಐತಲ್ಲ, ಅದನ್ನ ಕೇಳ್ಕೊಂಡು ಬಂದು, ಮುಂದೆ ಏನೂ ಉಳಿಯಕ್ಕಿಲ್ಲ, ಓದಿ ಏನ್ ಮಾಡ್ಲಪ್ಪ ಅಂತಳೆ. ಓದಾಕಿಲ್ಲ ಅಂದ್ಮೇಲೆ ಒಸಿ ದುಡೀಲಿ ಅಂದೆ. ಅದಿರ್ಲಿ, ಕೊನೇಗೆ ಆ ಹುಡ್ಗಿ ಮನೆ ಸೇರ್ಕತಳಾ?"

ಬಾಗಿಲ ಹಿಂದೆ ಪ್ರತಿಮಾಳ ಬಳೆ ಸದ್ದಾಯಿತು. ಹೂಂ ಎಂದುಬಿಟ್ಟಿದ್ದರೆ ಸಾಕಿತ್ತು.

"ಇಲ್ಲ," ಎಂದರು ಸರ್. "ಆದ್ರೆ ಹುಡುಕೋದನ್ನೂ ನಿಲ್ಸಲ್ಲ. ಅಲ್ಲೀವರೆಗೆ ನಾನೇ ಓದಿಸ್ಲಿಲ್ಲ. ಮಕ್ಕಳ ಮುಖ ಬಾಡಿದ್ರೆ ಸಾಕು, ಸಿನಿಮಾ ಶುರು ಮಾಡ್ಬಿಡ್ತಿದ್ದೆ."

"ಒಳ್ಳೇ ಮೇಷ್ಟ್ರಾದ್ರಿ ನೀವು! ಮಗೀನ ನಡುನೀರಲ್ಲಿ ಬುಟ್ಬುಟ್ಟು ಸ್ಕೂಟರ್ ಹುಡುಕಕ್ಕೆ ಹೋಗಿದ್ರಾ?"

ಒಳಗಿಂದ ಪ್ರತಿಮಾ ಕಿಸಕ್ಕೆಂದಳು. ಚೆಲುವಯ್ಯ ಅತ್ತ ತಿರುಗಿ, "ಸೋಮವಾರ ಹೋಗು. ಪೂರಾ ಕೇಳ್ಕೊಂಡು ಬಾ, ಆಮೇಲೆ ಮಾತಾಡಾವ," ಎಂದರು.

ಸೋಮವಾರ ಸರ್ ಎಲ್ಲಿಯೂ ನಿಲ್ಲಿಸದೆ ಕೊನೆಯ ಸಾಲಿನವರೆಗೆ ಓದಿದರು. ದನಿ ಎರಡು ಸಲ ಸೋತಿತು. "ಇನ್ನೂ ನಡೀತಾನೇ ಇದಾಳಲ್ಲ," ಎಂದ ಪ್ರತಿಮಾ, ಮುಂದೆ ಪುಟವಿಲ್ಲವೆಂದು ಗೊತ್ತಿದ್ದೂ ಹಾಳೆ ತಿರುವಿ ನೋಡಿದಳು. ಮರುದಿನವೂ ಬಂದಳು.

ಕೆಲವು ಮೇಷ್ಟ್ರುಗಳು ಹೀಗೆ. ನಮ್ಮ ದುಃಖವನ್ನು ನಮಗಿಂತ ಮೊದಲು ತಾವೇ ತಾಳಲಾರದೆ ನಗಿಸಲು ಬರುತ್ತಾರೆ. ಆ ನಗುವಿನ ಬೇರು ಅಳುಕಿನಲ್ಲಿದೆ ಎಂದು ತಿಳಿಯುವಷ್ಟರಲ್ಲಿ ಅವರ ಮೇಲೆ ನಮಗೆ ಅಕ್ಕರೆ ಹುಟ್ಟಿಬಿಟ್ಟಿರುತ್ತದೆ.