ಸೈರಾಕಾನ್ ಅತ್ತೆ ಕಂಡ ನರ

ನನ್ನ ಸೋದರತ್ತೆ ಸೈರಾಕಾನ್ ಓದಿದ್ದು ಏಳನೇ ತರಗತಿ. ನಾನು ಡಾಕ್ಟರಿಕೆ ಓದಿ, ಇಪ್ಪತ್ತೆರಡು ವರ್ಷದಿಂದ ರಾಜಧಾನಿ ಬಿಷ್ಕೆಕ್ಕಿನ ಒಂದು ಕಾಲೇಜಿನಲ್ಲಿ ದೇಹರಚನೆಯ ಪಾಠ ಹೇಳುತ್ತಿದ್ದೇನೆ. ಆದರೂ ಅತ್-ಬಾಶಿ ಕಣಿವೆಯ ಮೇಲ್ತುದಿಯಲ್ಲಿರುವ ನಮ್ಮ ಹಳ್ಳಿಯವರಿಗೆ ನನ್ನ ಓದಿನ ಬಗ್ಗೆ ಅಂಥ ಗೌರವವೇನಿಲ್ಲ. ಭುಜ ಕಳಚಿದರೆ, ಮಣಿಕಟ್ಟು ಮುರಿದರೆ, ಕುದುರೆಯಿಂದ ಬಿದ್ದು ಸೊಂಟ ಹಿಡಿದರೆ ಅವರು ಹೋಗುವುದು ಅತ್ತೆಯ ಮನೆಗೆ. ನಲವತ್ತು ವರ್ಷದಿಂದ ಅವಳು ಮೂಳೆ ಕೂರಿಸುತ್ತಿದ್ದಾಳೆ. ಬಟ್ಟೆಯ ಮೇಲಿಂದಲೇ ಬೆರಳಾಡಿಸಿ, ಎಲ್ಲಿ ಬಿರುಕು, ಎಲ್ಲಿ ಬರೀ ಉಳುಕು ಎಂದು ಹೇಳುತ್ತಾಳೆ. ಕುರಿಮರಿಗಳಿಗೂ ಅವಳೇ ವೈದ್ಯೆ.

ಎರಡು ವರ್ಷದ ಹಿಂದೆ, ಡಿಸೆಂಬರಿನ ಒಂದು ಬೆಳಿಗ್ಗೆ, ನಾನು ಪಾಠ ಮಾಡುತ್ತಿರುವಾಗ ಅವಳ ಫೋನ್ ಬಂತು. ಅವಳು ಎಂದೂ ಆ ಹೊತ್ತಿನಲ್ಲಿ ಫೋನ್ ಮಾಡುವವಳಲ್ಲ.

"ಮೈರಮ್, ಕುಬಾತ್ ಗೊತ್ತಲ್ಲ, ಕುದುರೆ ಕಾಯೋನು. ಮಂಜುಗಡ್ಡೆ ಮೇಲೆ ಅವನ ಕುದುರೆ ಜಾರಿ ಅವನ ಮೇಲೇ ಬಿದ್ದಿದೆ. ಕಾಲು ಮಡಚಿ ಕೆಳಗೆ ಸಿಕ್ಕಿಕೊಂಡಿತ್ತಂತೆ."

"ಕಾಲು ಹೇಗಿದೆ ಅತ್ತೆ?"

"ಒಳಮುಖವಾಗಿ ತಿರುಗಿದೆ. ಇನ್ನೊಂದು ಕಾಲಿಗಿಂತ ಮೂರು ಬೆರಳು ಗಿಡ್ಡ. ತೊಡೆಯ ಗುಂಡು ಹಿಂದಕ್ಕೆ ಹೋಗಿ ಪಿರ್ರೆಯಲ್ಲಿ ಕೂತಿದೆ, ಕೈಗೆ ಸಿಗ್ತಿದೆ. ಅದು ನನಗೆ ಗೊತ್ತಿರೋ ಕೆಲಸ. ಆದರೆ ಪಾದ ಮೇಲಕ್ಕೆತ್ತು ಅಂದ್ರೆ ಎತ್ತಕ್ಕಾಗ್ತಿಲ್ಲ ಅವನಿಗೆ. ಇದು ನಾನು ಕಂಡಿಲ್ಲ."

ಆಸ್ಪತ್ರೆಯಿರುವ ನಾರಿನ್ ಪಟ್ಟಣಕ್ಕೆ ಹೋಗುವ ಕಣಿವೆದಾರಿ ಹಿಂದಿನ ದಿನದಿಂದ ಹಿಮದಲ್ಲಿ ಹೂತುಹೋಗಿತ್ತು. ಇನ್ನೆರಡು ದಿನ ತೆರೆಯುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಕಳಚಿದ ಸೊಂಟದ ಕೀಲನ್ನು ಆರು ಗಂಟೆಯೊಳಗೆ ಕೂರಿಸದಿದ್ದರೆ ಗುಂಡಿಗೆ ರಕ್ತ ನಿಂತು ಮೂಳೆಯೇ ಸಾಯಬಹುದು. ಅದನ್ನೇ ಅವಳಿಗೆ ಹೇಳಿದೆ. ನರದ ಮೇಲೆ ಮೂಳೆ ಕೂತಿದೆ, ಬೇಗ ತೆಗೆದಷ್ಟೂ ಒಳ್ಳೆಯದು ಅಂತಲೂ ಹೇಳಿದೆ.

"ತೆಗೆಯೋವಾಗ ನರಕ್ಕೆ ಏಟಾಗಲ್ವಾ?"

"ಆಗಬಹುದು ಅತ್ತೆ. ನಿಧಾನವಾಗಿ ಎಳೀರಿ. ತಿರುಚಬೇಡಿ."

"ಸರಿ, ಫೋನ್ ಇಡ್ತೀನಿ" ಅಂದಳು.

ಆಮೇಲಿನದನ್ನು ಕುಬಾತನ ಹೆಂಡತಿ ಅನಿಪಾ ನನಗೆ ಹೇಳಿದ್ದು. ಅವನನ್ನು ಕಂಬಳಿಯ ಮೇಲೆ ಅಂಗಾತ ಮಲಗಿಸಿದರು. ಅನಿಪಾ ಮತ್ತು ಅವಳ ಮೈದುನ ಸೊಂಟದ ಎರಡೂ ಕಡೆ ಕೂತು ನೆಲಕ್ಕೆ ಒತ್ತಿ ಹಿಡಿದರು. ಅರವತ್ತೇಳು ವರ್ಷದ ಅತ್ತೆ ಮಂಡಿಯೂರಿ, ಅವನ ಮೊಣಕಾಲ ಮಡಿಕೆಯನ್ನು ತನ್ನ ಹೆಗಲಿಗೆ ಕೊಟ್ಟು, ನೀರಿನ ಕೊಡ ಎತ್ತುವವಳ ಹಾಗೆ ಉಸಿರು ಬಿಗಿಹಿಡಿದು ನಿಧಾನಕ್ಕೆ ಎದ್ದಳು. ಕುಬಾತ್ ತನ್ನ ಟೋಪಿಯನ್ನು ಕಚ್ಚಿಕೊಂಡಿದ್ದ. ದಪ್ಪ ಬಾಗಿಲು ಚೌಕಟ್ಟಿಗೆ ಕೂತಂಥ ಒಂದು ಸದ್ದಾಯಿತು. ಎರಡೂ ಕಾಲು ಸಮವಾದವು.

"ಈಗ ಪಾದ ಎತ್ತು ಮಗನೇ" ಅಂದಳಂತೆ ಅತ್ತೆ.

ಪಾದ ಏಳಲಿಲ್ಲ.

ಮೂರನೇ ದಿನ ದಾರಿ ತೆರೆದು ನಾರಿನ್‌ನಲ್ಲಿ ಎಕ್ಸ್‌ರೇ ತೆಗೆದಾಗ, ಕೀಲು ಎಷ್ಟು ಚೆನ್ನಾಗಿ ಕೂತಿತ್ತೆಂದರೆ, ಅಲ್ಲಿನ ಡಾಕ್ಟರು ಕೂರಿಸಿದವರು ಯಾರೆಂದು ಎರಡು ಸಲ ಕೇಳಿದರು. ನರಕ್ಕೆ ಪೆಟ್ಟಾಗಿದೆ, ಕಾಯಬೇಕು, ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರು. ಕುಬಾತ್ ಊರಿಗೆ ಮರಳಿದ. ಬೂಟಿನ ಮೂತಿಗೆ ಪಟ್ಟಿ ಕಟ್ಟಿ ಅದನ್ನು ಮೊಣಕಾಲಿಗೆ ಬಿಗಿದುಕೊಂಡು ನಡೆಯುತ್ತಿದ್ದ. ಪಟ್ಟಿ ಸಡಿಲವಾದರೆ ಪಾದ ನೇತಾಡಿ ನೆಲ ಗೀರುತ್ತಿತ್ತು. ಬೂಟಿನೊಳಗೆ ಹಿಮ ಹೋದರೂ ಅವನಿಗೆ ತಿಳಿಯುತ್ತಿರಲಿಲ್ಲ.

ಊರಲ್ಲಿ ಮಾತು ಶುರುವಾಯಿತು. ಮುದುಕಿ ನರ ಕಿತ್ತಳು, ಎರಡು ದಿನ ಕಾದಿದ್ದರೆ ಏನಾಗುತ್ತಿತ್ತು ಎಂದು. ಜನ ಹೇಳಿದ್ದಕ್ಕಿಂತ ಅತ್ತೆಯನ್ನು ಹೆಚ್ಚು ಕೊರೆದದ್ದು ಅವಳದೇ ಅನುಮಾನ. ಎಳೆಯುವ ಮೊದಲು ಪಾದ ಎತ್ತಿಸಿ ನೋಡಿದ್ದಳಲ್ಲ, ಆಗ ಹೆಬ್ಬೆರಳು ಒಂದಿಷ್ಟು ಅಲುಗಿತ್ತಾ? ಒಂದು ದಿನ ಅಲುಗಿತ್ತು ಎನಿಸುವುದು, ಮರುದಿನ ಇಲ್ಲ ಎನಿಸುವುದು. ಅವಳು ಮೂಳೆ ಮುಟ್ಟುವುದನ್ನೇ ಬಿಟ್ಟಳು. ಮನೆ ಬಾಗಿಲಿಗೆ ಬಂದವರನ್ನು ನಾರಿನ್‌ಗೆ ಹೋಗಿ ಎಂದು ಕಳಿಸಿದಳು. ಕಾಲು ಮುರಿದ ಕುರಿಮರಿಯನ್ನು ತಂದವಳನ್ನೂ ಹಾಗೇ ಕಳಿಸಿದಳಂತೆ.

ಮಾರ್ಚ್‌ನಲ್ಲಿ ನಾನೇ ಹೋಗಿ ಅವಳನ್ನು ಬಿಷ್ಕೆಕ್ಕಿಗೆ ಕರೆತಂದೆ. ಬರುವ ದಾರಿಯಲ್ಲಿ ಒಂದೇ ಮಾತು ಕೇಳಿದಳು:

"ನೀನು ಒಳಗೆ ತೆರೆದು ನೋಡ್ತೀಯಲ್ಲ. ನನಗೂ ತೋರಿಸ್ತೀಯಾ?"

ಮೇಲಿನವರ ಒಪ್ಪಿಗೆ ಪಡೆಯಲು ನಾಲ್ಕು ದಿನ ಬೇಕಾಯಿತು. ಐದನೆಯ ದಿನ ಬೆಳಿಗ್ಗೆ, ಹುಡುಗರು ಬರುವ ಮೊದಲು, ಅವಳಿಗೆ ಬಿಳಿ ಕೋಟು ತೊಡಿಸಿ, ಕಾಲೇಜಿನಲ್ಲಿ ಹೆಣ ಬಿಡಿಸಿ ಪಾಠ ಮಾಡುವ ಕೋಣೆಯೊಳಗೆ ಕರೆದೊಯ್ದೆ. ಕಿಟಕಿಗಳಿಂದ ಬೆಳಕು ತುಂಬಿ ಬರುತ್ತಿತ್ತು. ಔಷಧಿಯ ಘಾಟಿಗೆ ಅವಳ ಕಣ್ಣಲ್ಲಿ ನೀರಾಡಿತು. ಮೇಜಿನ ಮೇಲಿದ್ದ ದೇಹ ಒಬ್ಬ ವಯಸ್ಸಾದ ಗಂಡಸಿನದು, ಬೋರಲು ಮಲಗಿಸಿತ್ತು.

"ಇವರು ಯಾರು?"

"ಹೆಸರು ನಮಗೆ ಹೇಳಲ್ಲ ಅತ್ತೆ."

ಅವಳು ಅಂಗೈ ಎರಡನ್ನೂ ತೆರೆದು, ಹೆಸರಿಲ್ಲದವನಿಗಾಗಿ ಪ್ರಾರ್ಥನೆ ಹೇಳಿ, ಮುಖ ಸವರಿಕೊಂಡಳು. ಆಮೇಲೆ "ತೋರಿಸು" ಅಂದಳು.

ಚರ್ಮವನ್ನೂ ಕೊಬ್ಬನ್ನೂ ನನ್ನ ವಿದ್ಯಾರ್ಥಿಗಳು ಮೊದಲೇ ಬಿಡಿಸಿದ್ದರು. ಮೇಲೆ ಕಾಣುತ್ತಿದ್ದುದು ಪಿರ್ರೆಯ ದೊಡ್ಡ ಸ್ನಾಯು. ಸುಟ್ಟ ಇಟ್ಟಿಗೆಯಂಥ ಬಣ್ಣ, ಅಂಗೈಯಷ್ಟು ದಪ್ಪ. ಎಳೆಗಳೆಲ್ಲ ಓರೆಯಾಗಿ ತೊಡೆಯ ಕಡೆ ಇಳಿದಿದ್ದವು.

"ಕೂತವರು ಏಳೋದು, ಮೆಟ್ಟಿಲು ಹತ್ತೋದು, ಜೀನಿನ ಮೇಲೆ ನೆಟ್ಟಗಾಗೋದು, ಎಲ್ಲ ಇದರಿಂದ" ಅಂದೆ.

"ನಾವು ಇದನ್ನ ಬರೀ ಕೂರೋಕೆ ಅಂತ ತಿಳಿದಿದ್ವಿ" ಅಂದಳು.

ಅದನ್ನು ದಪ್ಪ ರಜಾಯಿ ಮಗುಚಿದಂತೆ ಪಕ್ಕಕ್ಕೆ ಮಗುಚಿದೆ. ಅದರ ಕೆಳಗಿನ ಲೋಕವೇ ಬೇರೆ. ನಾನು ಸಾವಿರ ಸಲ ನೋಡಿರಬಹುದು. ಆದರೂ ಆ ಮಗುಚುವ ಗಳಿಗೆಯಲ್ಲಿ ನನ್ನ ಮಾತು ತಾನಾಗಿ ತಗ್ಗುತ್ತದೆ. ಬೆನ್ನೆಲುಬಿನ ತಳದಲ್ಲಿರುವ ತ್ರಿಕದ ಮೂಳೆಯ ಒಳಗಿನಿಂದ ಮರಸೇಬಿನಾಕಾರದ ಒಂದು ಪುಟ್ಟ ಸ್ನಾಯು ಹೊರಟು, ಮೂಳೆಯ ಕಿಂಡಿಯಲ್ಲಿ ತೂರಿ, ತೊಡೆಮೂಳೆಯ ಮೇಲ್ಗಂಟಿಗೆ ಹೋಗಿ ಅಂಟಿಕೊಳ್ಳುತ್ತದೆ. ಅದರ ಮೇಲಂಚಿನಿಂದ ಒಂದು ತೆಳ್ಳಗಿನ ನರ ಹೊರಬೀಳುತ್ತದೆ. ಒಂಟಿಕಾಲಲ್ಲಿ ನಿಂತಾಗ ಸೊಂಟ ವಾಲದಂತೆ ಹಿಡಿಯುವ ಸ್ನಾಯುಗಳಿಗೆ ಅಪ್ಪಣೆ ಒಯ್ಯುವುದು ಅದೇ. ಕೆಳಂಚಿನಿಂದ ಹೊರಬೀಳುವುದು ಕಾಲಿನುದ್ದಕ್ಕೂ ಇಳಿಯುವ ಸಯಾಟಿಕ್ ನರ.

ಅತ್ತೆ ಬಗ್ಗಿದಳು.

"ಇದು ನರಾನಾ?"

"ಹೌದು."

"ಇಷ್ಟು ದಪ್ಪ?"

ಅದು ಅವಳ ಹೆಬ್ಬೆರಳಷ್ಟು ಅಗಲವಿತ್ತು. ಹಳೇ ದಂತದ ಬಣ್ಣ, ಒಂದಿಷ್ಟು ಚಪ್ಪಟೆ. ಅವಳು ನರ ಎಂದರೆ ದಾರ ಎಂದುಕೊಂಡಿದ್ದಳು. ಬಹಳ ಹೊತ್ತು ನೋಡಿ, ತನ್ನಷ್ಟಕ್ಕೆ ಎಂಬಂತೆ ಹೇಳಿದಳು:

"ಕುರೀಲಿ ಇದನ್ನ ಎಷ್ಟು ಸಲ ಕಂಡಿದೀನಿ. ಸೊಂಟದ ಮೂಳೆ ತೊಳೆದು ದೊಡ್ಡ ಅತಿಥಿಯ ತಟ್ಟೆಗೆ ಇಡ್ತೀವಿ. ಅದರ ಬೆನ್ನಿಗಿರೋ ಇದನ್ನ ಕಿತ್ತು ನಾಯಿಗೆ ಹಾಕ್ತೀವಿ."

ಮುಟ್ಟಲೇ ಎಂದು ಕೇಳಿದಳು. ಕೈಗವಸು ಕೊಟ್ಟಾಗ, "ಇದು ಹಾಕ್ಕೊಂಡ್ರೆ ನನ್ನ ಬೆರಳು ಕುರುಡಾಗ್ತಾವೆ" ಎಂದು ಗೊಣಗಿದಳು. ನಾನು ಬಿಡಲಿಲ್ಲ. ಹಾಕಿಕೊಂಡು, ಕಣ್ಣು ಮುಚ್ಚಿ, ಎರಡು ಬೆರಳನ್ನು ನರದ ಮೇಲಿಟ್ಟು ಮೇಲಿನಿಂದ ಕೆಳಕ್ಕೆ ಸರಿಸುತ್ತ ಹೋದಳು. ತೊಡೆಯ ಹಿಂಭಾಗದ ಸ್ನಾಯುಗಳ ನಡುವೆ, ಮೊಣಕಾಲ ಹಿಂದಿನ ಗುಳಿಯವರೆಗೆ. ಅಲ್ಲಿ ನರ ಎರಡಾಗಿತ್ತು. ಹೊರಗಿನ ಕವಲು ಮೊಣಕಾಲ ಪಕ್ಕದ ಮೂಳೆಗಂಟನ್ನು ಸುತ್ತಿ ಕಣಕಾಲ ಮುಂಭಾಗಕ್ಕೆ ಹೋಗಿತ್ತು.

"ಪಾದ ಎತ್ತಿಸೋದು ಇದೇ" ಅಂದೆ. "ಕುಬಾತನಿಗೆ ಏಟಾಗಿರೋದು ಈ ಕವಲಿನ ಎಳೆಗಳಿಗೆ. ಆದರೆ ಇಲ್ಲಲ್ಲ, ಮೇಲೆ, ಸೊಂಟದ ಹತ್ರ."

ಅವಳು ಬೆರಳನ್ನು ಮತ್ತೆ ಮೇಲಕ್ಕೆ ತಂದಳು. ನರದ ಅಡಿಯಲ್ಲಿ ತಡವಿದಳು. ಅಲ್ಲಿ ಕೀಲಿನ ಬಟ್ಟಲಿನ ಹಿಂದಂಚು ಇತ್ತು. ನರಕ್ಕೂ ಅದಕ್ಕೂ ನಡುವೆ ಒಂದು ತೆಳು ಸ್ನಾಯುವಿನ ಹಾಸು, ಅಷ್ಟೇ.

"ಗುಂಡು ಹೊರಗೆ ಬರೋದು ಈ ದಾರೀಲಿ."

"ಹೌದು."

"ವಾಪಸ್ ಹೋಗೋದೂ ಇದೇ ದಾರೀಲಿ."

"ಹೌದು ಅತ್ತೆ."

"ಹಾಗಾದ್ರೆ ಕುದುರೆ ಮಾಡಿದ್ದಾ, ನಾನು ಮಾಡಿದ್ದಾ?"

ಕುದುರೆಯೇ ಇರಬೇಕು, ಹತ್ತಕ್ಕೆ ಒಂಬತ್ತು ಪಾಲು ಅದೇ ಎಂದೆ. ಮಿಕ್ಕ ಒಂದು ಪಾಲು ನನಗೂ ತಿಳಿಯದು ಎಂದೆ. ಅವಳು ತಲೆಯಾಡಿಸಿದಳು. ಸುಳ್ಳು ಹೇಳಿದ್ದರೆ ಅವಳಿಗೆ ತಿಳಿದುಬಿಡುತ್ತಿತ್ತು.

ಪಕ್ಕದ ಮೇಜಿನಲ್ಲಿ ಇನ್ನೊಂದು ದೇಹವಿತ್ತು, ಒಬ್ಬ ಹೆಂಗಸಿನದು. ಅದರಲ್ಲಿ ನರ ಸೊಂಟದಲ್ಲೇ ಕವಲೊಡೆದಿತ್ತು. ಒಂದು ಕವಲು ಮರಸೇಬು ಸ್ನಾಯುವನ್ನು ಸೀಳಿಕೊಂಡು ಹೊರಬಂದಿತ್ತು. ನೂರರಲ್ಲಿ ಹತ್ತು ಹನ್ನೆರಡು ಜನಕ್ಕೆ ಹೀಗಿರುತ್ತದೆ ಎಂದೆ. ಅತ್ತೆ ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟಳು.

"ಎಲ್ಲರಿಗೂ ಒಂದೇ ಥರ ಇಟ್ಟಿಲ್ಲ ಆ ದೇವರು" ಅಂದಳು. "ನಲವತ್ತು ವರ್ಷ, ಮೈರಮ್. ಎಷ್ಟು ಸೊಂಟ ಮುಟ್ಟಿದೆ ನಾನು. ಒಂದೊಂದರಲ್ಲೂ ಇದು ಮಲಗಿತ್ತು, ಹೀಗೋ ಹಾಗೋ. ನನ್ನ ಕೈಗೆ ಸಿಕ್ಕೂ ಹೇಗೆ ಉಳೀತು ಅದು?"

ಅವಳ ದನಿಯಲ್ಲಿ ಭಯವಿತ್ತು. ಆದರೆ ಮುಖ ನೋಡಿದರೆ, ಮೂರು ತಿಂಗಳಲ್ಲಿ ಮೊದಲ ಸಲ ಅವಳು ತನ್ನನ್ನು ಬಿಟ್ಟು ಬೇರೇನನ್ನೋ ಯೋಚಿಸುತ್ತಿದ್ದಳು.

ಮಧ್ಯಾಹ್ನ ನೂಡಲ್ಸ್ ಸಾರು ಕುಡಿಯುತ್ತ ಕೇಳಿದಳು: "ಕಿತ್ತುಹೋದ ನರ ಮತ್ತೆ ಬೆಳೆಯುತ್ತಾ?"

"ಹೊದಿಕೆ ಉಳಿದು ಒಳಗಿನ ಎಳೆ ಮಾತ್ರ ಸತ್ತಿದ್ರೆ, ಬೆಳೆಯುತ್ತೆ. ದಿನಕ್ಕೆ ಒಂದು ಮಿಲಿಮೀಟರ್."

"ತಿಂಗಳಿಗೆ ಒಂದೂವರೆ ಬೆರಳು" ಎಂದು ಲೆಕ್ಕ ಹಾಕಿ, ಚಮಚ ಕೆಳಗಿಟ್ಟಳು. "ಬೆಳೀತಿದೆಯೋ ಇಲ್ಲವೋ ಅಂತ ಹೊರಗಿಂದ ಗೊತ್ತಾಗುತ್ತಾ?"

ಗೊತ್ತಾಗುತ್ತದೆ. ನರದ ದಾರಿಗುಂಟ ಬೆರಳ ತುದಿಯಿಂದ ತಟ್ಟುತ್ತ ಬಂದರೆ, ಹೊಸ ಎಳೆಗಳ ತುದಿ ಇರುವ ಕಡೆ ಪಾದದವರೆಗೂ ಜುಂ ಎನ್ನುತ್ತದೆ. ಆ ಜಾಗ ಕೆಳಗಿಳಿಯುತ್ತ ಹೋದರೆ ನರ ನಡೆಯುತ್ತಿದೆ ಎಂದರ್ಥ. ಅವಳು ನನ್ನನ್ನು ಹಾಸಿಗೆಯ ಮೇಲೆ ಬೋರಲು ಮಲಗಿಸಿ, ದಾರಿ ಪೂರ್ತಿ ಕಂಠಪಾಠವಾಗುವವರೆಗೆ ತಟ್ಟಿದಳು.

ಊರಿಗೆ ಹೋದವಳು ಬಸ್ಸಿಳಿದು ನೇರ ಕುಬಾತನ ಮನೆಗೇ ನಡೆದಳು. ಅಂದು ನಾನೂ ಜೊತೆಗಿದ್ದೆ. ಅವನು ಒಲೆ ಪಕ್ಕ ಕೂತು ಲಗಾಮು ಹೊಲಿಯುತ್ತಿದ್ದ.

"ಕುಬಾತ, ಒಳಗೆ ನೋಡಿ ಬಂದೆ. ಕುದುರೆ ಬಿದ್ದಾಗಲೇ ಹೋಗಿರಬಹುದು. ನಾನು ಎಳೆದಾಗ ಹೋಗಿರಬಹುದು. ಯಾವುದು ಅಂತ ನನಗೆ ಗೊತ್ತಿಲ್ಲ, ಇವಳಿಗೂ ಗೊತ್ತಿಲ್ಲ. ಇದನ್ನ ನಿನಗೆ ಹೇಳಬೇಕಿತ್ತು."

ಅವನು ಸೂಜಿ ನಿಲ್ಲಿಸಲಿಲ್ಲ. "ಕುದುರೇನ ಕೇಳೋಣ ಅಂದ್ರೆ ಅದೂ ಹೇಳ್ತಿಲ್ಲ ದೊಡ್ಡಮ್ಮ" ಅಂದ. ದಾರ ಜಗ್ಗಿ ಬಿಗಿಯುತ್ತ, "ಅವತ್ತು ಆ ನೋವಲ್ಲಿ ಇನ್ನೊಂದು ಗಂಟೆ ಬಿಟ್ಟಿದ್ರೆ ನಾನು ಕೋವಿ ಕೇಳ್ತಿದ್ದೆ. ಅದನ್ನ ಊರಿನೋರು ನೋಡಿಲ್ಲ, ನೀವು ನೋಡಿದೀರಿ" ಅಂದ.

"ಹಾಗಾದ್ರೆ ಪ್ಯಾಂಟು ಇಳಿಸಿ ಬೋರಲು ಮಲಕ್ಕೋ."

"ಇವರೆಲ್ಲರ ಮುಂದೇನಾ?"

"ನಿನ್ನ ಅಂಡಿನಲ್ಲಿ ಎಂಥ ವಿಸ್ಮಯ ಇದೆ ಅಂತ ನಿನಗೇ ಗೊತ್ತಿಲ್ಲ. ಮಲಕ್ಕೋ."

ಅನಿಪಾ ನಗು ತಡೆಯಲಾರದೆ ಮುಖ ತಿರುಗಿಸಿದಳು. ಅತ್ತೆ ಕಣ್ಣು ಮುಚ್ಚಿ ತಟ್ಟತೊಡಗಿದಳು. ಪಿರ್ರೆಯ ಮಡಿಕೆಯಿಂದ ಎರಡು ಬೆರಳು ಕೆಳಗೆ ಅವನು ಬೆಚ್ಚಿಬಿದ್ದ. "ಪಾದದ ಮೇಲೆ ಇರುವೆ ಓಡಿದ ಹಾಗಾಯ್ತು" ಅಂದ. ನಾನು ವರ್ಷ ವರ್ಷ ಬೋರ್ಡಿನ ಮೇಲೆ ಬರೆದ ಸಾಲು, ಒಬ್ಬನ ತೊಡೆಯೊಳಗೆ ನಿಜವಾಗಿ ನಡೆಯುತ್ತಿತ್ತು.

ಅಲ್ಲಿಂದ ಪ್ರತಿ ತಿಂಗಳೂ ಅತ್ತೆ ಹೋಗಿ ತಟ್ಟಿದಳು. ಒಂದು ಬಟ್ಟೆಪಟ್ಟಿಯನ್ನು ಅವನ ಕಾಲಿಗೆ ಅಳತೆ ಹಿಡಿದು, ಜುಂ ಎಂದ ಕಡೆ ಕೆಂಪು ದಾರದ ಒಂದು ಹೊಲಿಗೆ ಹಾಕುತ್ತಿದ್ದಳು. ಬೇಸಿಗೆಯಲ್ಲಿ ಅವರೆಲ್ಲ ಮಂದೆಯೊಂದಿಗೆ ಮೇಲಿನ ಹುಲ್ಲುಗಾವಲಿಗೆ ಹೋದಾಗ ಅಲ್ಲಿಗೂ ಕುದುರೆ ಏರಿ ಹೋದಳು. ಸೆಪ್ಟೆಂಬರಿನಲ್ಲಿ ಜಾಗ ಕದಲಲಿಲ್ಲ. ಅಕ್ಟೋಬರಿನಲ್ಲೂ ಇಲ್ಲ. ಕುಬಾತ್ ಮಾತು ಬಿಟ್ಟ. ಪಟ್ಟಿ ಕಟ್ಟಿಕೊಳ್ಳದೆ ಪಾದ ಎಳೆಯುತ್ತಲೇ ಓಡಾಡಿದ. ಅತ್ತೆ ನನಗೆ ಫೋನ್ ಮಾಡಿ, "ಏನೋ ಅಡ್ಡ ಸಿಕ್ಕಿದೆ ಅದಕ್ಕೆ, ದಾರಿ ಹುಡುಕ್ತಿದೆ" ಎಂದಳು. ಹಾಗಲ್ಲದೆಯೂ ಇರಬಹುದು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ನವೆಂಬರಿನಲ್ಲಿ ಅದು ಒಮ್ಮೆಗೇ ನಾಲ್ಕು ಬೆರಳು ಕೆಳಗೆ ಸಿಕ್ಕಿತು. ಡಿಸೆಂಬರಿಗೆ ಮೊಣಕಾಲ ಹಿಂದಿನ ಗುಳಿ ತಲುಪಿತು. ಫೆಬ್ರವರಿಯಲ್ಲಿ ಪಕ್ಕದ ಮೂಳೆಗಂಟನ್ನು ಬಳಸಿತು.

ಈ ನಡುವೆ ಮತ್ತೆ ಜನ ಅವಳ ಬಾಗಿಲಿಗೆ ಬಂದರು. ಅವಳು ಕೈ ಹಾಕಿದಳು. ಆದರೆ ಸೊಂಟವೆಂದರೆ ಮೊದಲು ಪಾದ ಎತ್ತಿಸಿ, ಮನೆಯವರನ್ನೂ ಕರೆದು ತೋರಿಸಿ, ಆಮೇಲೆ ಮುಟ್ಟುತ್ತಿದ್ದಳು.

ಮೇ ತಿಂಗಳ ಒಂದು ಭಾನುವಾರ ನಾನು ಊರಲ್ಲಿದ್ದೆ. ಕುಬಾತನ ಅಂಗಳದಲ್ಲಿ ಬಿಸಿಲಿತ್ತು. ಅವನು ಮೊಳೆ ಬಡಿದ ಮರದ ಬೆಂಚಿನ ಮೇಲೆ ಪೆಟ್ಟಾದ ಕಾಲಿನ ಬೂಟು ಬಿಚ್ಚಿ ಕೂತ. ಅತ್ತೆ ನೆಲದಲ್ಲಿ ಕೂತು ಅವನ ಹಿಮ್ಮಡಿಯನ್ನು ತನ್ನ ಮಡಿಲಲ್ಲಿಟ್ಟುಕೊಂಡು, ಕಣಕಾಲ ಮುಂಭಾಗಕ್ಕೆ ಅಂಗೈ ಒತ್ತಿದಳು.

"ಎತ್ತು" ಅಂದಳು, ಹದಿನೇಳು ತಿಂಗಳ ಹಿಂದೆ ಹೇಳಿದ ಹಾಗೇ.

ಕುಬಾತ್ ಹಣೆ ಗಂಟಿಕ್ಕಿದ. ಅವಳ ಅಂಗೈಯಡಿ ಏನೋ ಬಿಗಿಯಾಯಿತಂತೆ. ಮೀನು ಮಗ್ಗುಲಾದಂತೆ ಎಂದು ಆಮೇಲೆ ಹೇಳಿದಳು. ನಾವು ಕಂಡಿದ್ದು ಇಷ್ಟು: ನೇತಾಡುತ್ತಿದ್ದ ಪಾದ ಒಂದು ಬೆರಳಿನಷ್ಟು ಮೇಲೆದ್ದಿತು, ನಡುಗಿತು, ಇಳಿಯಿತು.

ಅನಿಪಾ ಹಿಟ್ಟಿನ ಕೈಯಲ್ಲೇ ಹೊಸ್ತಿಲಲ್ಲಿ ನಿಂತಿದ್ದಳು. "ಇನ್ನೊಂದ್ಸಲ" ಎಂದಳು ಮೆಲ್ಲಗೆ. ಅವನು ಇನ್ನೊಂದು ಸಲ ಎತ್ತಿದ. ಮೂರನೆಯ ಸಲಕ್ಕೆ ಸುಸ್ತಾಗಿ ಪಾದ ಏಳಲಿಲ್ಲ. ಅವನು ತೋಳಿನಿಂದ ಮುಖ ಒರೆಸಿಕೊಂಡ.

ಅದು ಪೂರ್ತಿ ಸರಿಹೋಗಲಿಲ್ಲ. ಹೆಬ್ಬೆರಳು ಇವತ್ತಿಗೂ ಅವನ ಮಾತು ಕೇಳುವುದಿಲ್ಲ. ಇಳಿಜಾರಿನಲ್ಲಿ ಒಂದಿಷ್ಟು ಕುಂಟುತ್ತಾನೆ. ಆದರೆ ಪಟ್ಟಿ ಬಿಚ್ಚಿಟ್ಟಿದ್ದಾನೆ, ಮಂದೆಯೊಂದಿಗೆ ಹೋಗುತ್ತಾನೆ.

ಅವತ್ತು ಅಂಗಳದಲ್ಲಿ, ಅನಿಪಾ ಚಹಾ ತರಲು ಒಳಗೆ ಹೋದ ಮೇಲೆ, ಅತ್ತೆ ನೆಲದಿಂದ ಏಳಲೇ ಇಲ್ಲ.

"ಇನ್ನೊಂದು ಕಾಲಿನ ಬೂಟೂ ಬಿಚ್ಚು" ಅಂದಳು ಕುಬಾತನಿಗೆ.

"ಅದಕ್ಕೇನಾಗಿದೆ ದೊಡ್ಡಮ್ಮ? ಚೆನ್ನಾಗೇ ಇದೆ."

"ಚೆನ್ನಾಗಿದೆ ಅಂತಲೇ ಬಿಚ್ಚು ಅಂದಿದ್ದು."

ಅವನು ಬಿಚ್ಚಿದ. ಎತ್ತು ಎಂದಳು, ಎತ್ತಿದ. ಇಳಿಸು ಎಂದಳು, ಇಳಿಸಿದ. ಏನೂ ಯೋಚಿಸದೆ, ಸಲೀಸಾಗಿ. ಅತ್ತೆ ಗಲ್ಲಕ್ಕೆ ಕೈಯಿಟ್ಟುಕೊಂಡು, ಆ ಪಾದ ಏಳುವುದನ್ನೂ ಇಳಿಯುವುದನ್ನೂ ಚಹಾ ಬರುವವರೆಗೆ ನೋಡುತ್ತ ಕೂತಳು.